ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳಲು ಲೈಸೆನ್ಸ್ ಬೇಕಾ? ತರಬೇತಿ ಎಲ್ಲಿ ಸಿಗುತ್ತದೆ? (ಕಲಬುರಗಿ)

ಜೇವರ್ಗಿ ಕಾಲೋನಿ ಅಮ್ಮ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಜೇವರ್ಗಿ ಕಾಲೋನಿ ಕಡೆ ನಮ್ಮ ಮನೆ. ನೆಲಮಹಡಿ, ಮುಂದೆ ಸ್ವಲ್ಪ ಅಂಗಳ ಇದೆ. ನಮ್ಮ ಓಣಿಯಲ್ಲಿ ಕೆಲಸಕ್ಕೆ ಹೋಗುವ ಮೂವರು ತಾಯಂದಿರು ಇದ್ದಾರೆ. ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬರು ಕಪನೂರಿನ ದಾಲ್ ಮಿಲ್‌ನಲ್ಲಿ. "ಹಗಲು ನಮ್ಮ ಮಕ್ಕಳನ್ನು ನೀವೇ ನೋಡ್ಕೊಳ್ಳಿ, ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ" ಎಂದು ಮೂವರೂ ಕೇಳುತ್ತಿದ್ದಾರೆ. ಒಂದು ಮಗುವಿಗೆ ಒಂಬತ್ತು ತಿಂಗಳು, ಒಂದಕ್ಕೆ ಎರಡು ವರ್ಷ, ಒಂದಕ್ಕೆ ಮೂರೂವರೆ.

ನನಗೆ ಮಕ್ಕಳೆಂದರೆ ಇಷ್ಟ. ಪಿಯುಸಿ ಆಗಿದೆ. ಮನೆಯಲ್ಲಿ ಗಂಡ, ಅತ್ತೆ, ಒಂದನೇ ತರಗತಿಗೆ ಹೋಗುವ ಮಗಳು ಇದ್ದಾರೆ. ಆದರೆ ಇನ್ನೊಬ್ಬರ ಮಗುವನ್ನು ದಿನವಿಡೀ ಮನೆಯಲ್ಲಿ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಇದಕ್ಕೆ ಸರ್ಕಾರದಿಂದ ಲೈಸೆನ್ಸ್ ಬೇಕಾ? ಯಾವ ಇಲಾಖೆ ಕೊಡುತ್ತದೆ? ತರಬೇತಿ ಕಡ್ಡಾಯವಾ? ಇಲ್ಲಿ ಯಾರನ್ನು ಕೇಳಿದರೂ "ಸುಮ್ನೆ ಶುರು ಮಾಡಿ, ಯಾರು ಕೇಳ್ತಾರೆ" ಎನ್ನುತ್ತಾರೆ. ನನಗೆ ಆ ಉತ್ತರ ಸಾಕಾಗುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ವಕೀಲಿ ಮೇಜು

ಒಳ್ಳೆಯ ಪ್ರಶ್ನೆ. ಶುರು ಮಾಡುವ ಮೊದಲೇ ಕೇಳಿದ್ದೀರಿ, ಅದು ಇನ್ನೂ ಒಳ್ಳೆಯದು.

ನೇರವಾಗಿ ಹೇಳುತ್ತೇನೆ. ಮೂರು ವರ್ಷದೊಳಗಿನ ನಾಲ್ಕಾರು ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವುದಕ್ಕೇ ಅಂತ ಪ್ರತ್ಯೇಕ ಲೈಸೆನ್ಸ್ ಕಾಯ್ದೆ ನಮ್ಮ ರಾಜ್ಯದಲ್ಲಿ ಇಲ್ಲ. ಅನಾಥ ಮಕ್ಕಳ ಸಂಸ್ಥೆಗಳಿಗೆ ಬಾಲನ್ಯಾಯ ಕಾಯ್ದೆ 2015ರ 41ನೇ ಕಲಂ ಅಡಿ ನೋಂದಣಿ ಬೇಕು. ಅದು ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳಿಗೆ. ಬೆಳಿಗ್ಗೆ ಬಂದು ಸಂಜೆ ಅಮ್ಮನ ಜೊತೆ ಹೋಗುವ ಮಗುವಿಗೆ ಅದು ಹೊಂದುವುದಿಲ್ಲ.

ಆದರೆ ಲೈಸೆನ್ಸ್ ಇಲ್ಲ ಎಂದರೆ ಕಾನೂನೇ ಇಲ್ಲ ಎಂದಲ್ಲ. ಅದೇ ಕಾಯ್ದೆಯ 75ನೇ ಕಲಂ ನೋಡಿ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರು ಹೊಡೆದರೆ, ಬಿಟ್ಟುಹೋದರೆ, ಬೇಕೆಂದೇ ಅಲಕ್ಷ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಸುಪರ್ದಿ ಎಂದರೆ ನೀವು ದುಡ್ಡು ತಗೊಂಡಿದ್ದೀರೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲ. ಪೋಕ್ಸೋ ಕಾಯ್ದೆ 2012ರ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ.

ಇನ್ನೊಂದು ಮಾತು. ನಮ್ಮ ಕಡೆ "ಕೈಸಹಾಯಕ್ಕೆ ಒಂದು ಹುಡುಗಿ ಇಟ್ಕೊಳ್ತೀನಿ" ಎಂದು ಹನ್ನೆರಡು, ಹದಿಮೂರು ವರ್ಷದವರನ್ನು ಕರೆತರುವ ರೂಢಿ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದ ಮೇಲೆ ಹದಿನಾಲ್ಕು ವರ್ಷದೊಳಗಿನವರನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಆಕೆಯೇ ಶಾಲೆಯಲ್ಲಿ ಇರಬೇಕಾದ ಮಗು.

ಮೂರೂವರೆ ವರ್ಷದ ಮಗುವಿನ ವಿಷಯ ಸ್ವಲ್ಪ ಬೇರೆ. ಬರೀ ನೋಡಿಕೊಂಡರೆ ಏನೂ ತೊಂದರೆ ಇಲ್ಲ. "ಪ್ಲೇ ಹೋಮ್", "ಎಲ್‌ಕೆಜಿ" ಎಂದು ಬೋರ್ಡ್ ಹಾಕಿ ಪಾಠ ಶುರು ಮಾಡಿದರೆ ನೀವು ಶಾಲೆಯ ಲೆಕ್ಕಕ್ಕೆ ಬರುತ್ತೀರಿ. ಆಗ ಶಿಕ್ಷಣ ಇಲಾಖೆಯ ನೋಂದಣಿ ವಿಷಯ ಬರುತ್ತದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಮೂರರಿಂದ ಆರು ವರ್ಷದವರು ಮಾತ್ರ, ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಆರೈಕೆದಾರರು, ಕಾಂಪೌಂಡ್, ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಎಲ್ಲ ಅದರಲ್ಲಿದೆ. ನಿಮ್ಮ ಮನೆಗೆ ಅದು ಈಗ ಬೇಡ. ಬೋರ್ಡ್ ಹಾಕಬೇಡಿ, ಅಷ್ಟೇ.

ಬೀದರ್ ನೌಬಾದ್

ನಾನು ಬೀದರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ನಾಲ್ಕು ಮಕ್ಕಳಿದ್ದಾರೆ. ಲೈಸೆನ್ಸ್ ಕೇಳಿಕೊಂಡು ನಾನೂ ಕಚೇರಿ ಕಚೇರಿ ಅಲೆದಿದ್ದೇನೆ. ಒಂದು ಕಡೆ "ಇದು ಶಿಕ್ಷಣ ಇಲಾಖೆ" ಅಂದರು. ಅಲ್ಲಿ "ಶಾಲೆ ಅಲ್ಲ ಅಲ್ವಾ, ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಹೋಗಿ" ಅಂದರು. ಮಹಿಳಾ ಇಲಾಖೆಯಲ್ಲಿ "ನೀವು ಎನ್‌ಜಿಓನಾ?" ಎಂದು ಕೇಳಿದರು. ಯಾರೂ ಒರಟಾಗಿ ಮಾತಾಡಲಿಲ್ಲ. ಆದರೆ ನಮ್ಮಂಥವರಿಗೆ ಒಂದು ಫಾರ್ಮ್ ಇಲ್ಲ, ಒಂದು ರಿಜಿಸ್ಟರ್ ಇಲ್ಲ.

ಕೊನೆಗೆ ನಾನು ಮಾಡಿಕೊಂಡದ್ದು ಹೀಗೆ. ಸಣ್ಣ ಉದ್ಯೋಗ ಮಾಡುವವರಿಗೆ ಇರುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಆಧಾರ್ ಹಾಕಿ ಮಾಡಿದೆ, ಅದಕ್ಕೆ ದುಡ್ಡಿಲ್ಲ. ಬ್ಯಾಂಕಿನ ಸಾಲಕ್ಕೆ ಅದು ಉಪಯೋಗ. ಆದರೆ ನೆನಪಿಡಿ, ಅದು ನಿಮಗೆ ಮಕ್ಕಳನ್ನು ನೋಡಿಕೊಳ್ಳಲು ಬರುತ್ತದೆ ಎಂದು ಹೇಳುವ ಕಾಗದ ಅಲ್ಲ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ನನ್ನದು ಮಾತ್ರ ಅಲ್ಲ, ನನ್ನ ಗಂಡನದೂ ತೆಗೆಸಿದೆ. ಮೊದಲು ಅವರಿಗೆ ಬೇಜಾರಾಯಿತು. "ನನ್ನ ಮನೆಯಲ್ಲಿ ನನಗೇ ಪೊಲೀಸ್ ಕಾಗದವಾ" ಅಂದರು. ಮಗು ಬಿಟ್ಟುಹೋಗುವ ತಾಯಿ ನಮ್ಮನ್ನು ನಂಬುವುದು ಮುಖ ನೋಡಿ ಮಾತ್ರ ಆಗಬಾರದು ಎಂದು ಹೇಳಿದೆ. ಒಪ್ಪಿದರು.

ಊಟ ನೀವೇ ಮಾಡಿ ದುಡ್ಡಿಗೆ ಕೊಡುವುದಾದರೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬಗ್ಗೆ ಕೇಳಿಕೊಳ್ಳಿ. ನಾನು ಆ ಗೊಡವೆಗೆ ಹೋಗಿಲ್ಲ. ಡಬ್ಬಿ ಅವರ ಮನೆಯಿಂದಲೇ ಬರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ನಿವೃತ್ತ ಮೇಲ್ವಿಚಾರಕಿ

ಅಂಗನವಾಡಿ ಮೇಲ್ವಿಚಾರಕಿಯಾಗಿ ಚಿಂಚೋಳಿ, ಸೇಡಂ ಕಡೆ ಕೆಲಸ ಮಾಡಿದವಳು ನಾನು. ಈ ವಿಷಯ ನನ್ನ ಮನಸ್ಸಿಗೆ ಹತ್ತಿರ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಎಷ್ಟು ಮಕ್ಕಳು ಎಂಬುದು. ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿ (ಇಸಿಸಿಇ) ಬಂದದ್ದು 2013ರಲ್ಲಿ. ಮೂರು ವರ್ಷದೊಳಗೆ ಹತ್ತು ಮಕ್ಕಳಿಗೆ ಒಬ್ಬರು, ಮೂರರಿಂದ ಆರಕ್ಕೆ ಇಪ್ಪತ್ತು ಮಕ್ಕಳಿಗೆ ಒಬ್ಬರು ಎಂಬುದು ಅದರ ಲೆಕ್ಕ. ಮೂವತ್ತು ಮಕ್ಕಳಿಗೆ ಒಳಗೆ 35 ಚದರ ಮೀಟರ್, ಹೊರಗೆ 30 ಚದರ ಮೀಟರ್ ಜಾಗ ಇರಬೇಕು. ಒಳಗಿನ ಜಾಗ ಹಂಚಿದರೆ ಒಂದು ಮಗುವಿಗೆ ಸುಮಾರು ಹನ್ನೆರಡೂವರೆ ಚದರ ಅಡಿ. ನಿಮ್ಮ ಹಾಲ್ ಹತ್ತು ಅಡಿಗೆ ಹನ್ನೆರಡು ಅಡಿ ಇದ್ದರೆ ಕಾಗದದ ಮೇಲೆ ಒಂಬತ್ತು ಮಕ್ಕಳು ಹಿಡಿಯುತ್ತಾರೆ. ಆದರೆ ಆ ಲೆಕ್ಕ ಮೂರು ನಾಲ್ಕು ತಾಸು ಆಡಿ ಮನೆಗೆ ಹೋಗುವ ಮಕ್ಕಳಿಗೆ. ನಿಮ್ಮ ಮನೆಗೆ ಬರುವವು ಅಲ್ಲೇ ಮಲಗಬೇಕು, ಉಣ್ಣಬೇಕು, ಅಳಬೇಕು, ಹೇಲು ಉಚ್ಚೆ ಎಲ್ಲ ಅಲ್ಲೇ. ಒಬ್ಬರೇ ಇದ್ದರೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಅದರಲ್ಲಿ ಕೈಗೂಸು ಒಂದೇ ಇರಲಿ. ಇದು ಸರ್ಕಾರದ ನಿಯಮ ಅಲ್ಲ, ಮಕ್ಕಳ ನಡುವೆ ಬದುಕಿದ ನನ್ನ ಮಾತು.

ಸರ್ಕಾರವೇ ನಡೆಸುವ ಶಿಶುಪಾಲನಾ ಕೇಂದ್ರಗಳ ನಿಯಮ ನೋಡಿ. ರಾಷ್ಟ್ರೀಯ ಕ್ರೆಷ್ ಯೋಜನೆಯಲ್ಲಿ ಒಂದು ಕೇಂದ್ರಕ್ಕೆ 25 ಮಕ್ಕಳು, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನೋಡಿಕೊಳ್ಳುವವರು ಪಿಯುಸಿ, ಸಹಾಯಕಿ ಎಸ್ಸೆಸ್ಸೆಲ್ಸಿ ಓದಿರಬೇಕಿತ್ತು. 2022ರಲ್ಲಿ ಅದನ್ನು ಕೇಂದ್ರದ ಮಹಿಳಾ ಯೋಜನೆಯಾದ ಮಿಷನ್ ಶಕ್ತಿಯ ಒಳಗೆ "ಪಾಲನಾ" ಎಂದು ಸೇರಿಸಿದರು. ಅಂಗನವಾಡಿಯ ಜೊತೆಗೇ ಕ್ರೆಷ್ ಎಂಬ ಯೋಚನೆ ಬಂತು. ಅಂದರೆ ದುಡ್ಡು ಸರ್ಕಾರದ್ದಾದಾಗ ಇಷ್ಟು ಓದು, ಇಷ್ಟು ತರಬೇತಿ ಎಂದು ಬರೆದಿಡುತ್ತೇವೆ. ದುಡ್ಡು ತಾಯಿಯ ಕೈಯಿಂದ ಹೋದಾಗ ಯಾವ ನಿಯಮವೂ ಇಲ್ಲ. ಮಗು ಮಾತ್ರ ಎರಡೂ ಕಡೆ ಒಂದೇ.

ತರಬೇತಿ ಎಲ್ಲಿ ಎಂದು ಕೇಳಿದ್ದೀರಿ. ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದಲ್ಲಿ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ, ಡಿಇಸಿಇ ಎನ್ನುತ್ತಾರೆ. ಪಿಯುಸಿ ಆಗಿದ್ದರೆ ಸೇರಬಹುದು. ಕನಿಷ್ಠ ಒಂದು ವರ್ಷ. ಮನೆಯಲ್ಲೇ ಕೂತು ಓದಬಹುದು, ಜೊತೆಗೆ ಪ್ರಾಯೋಗಿಕ ಕೆಲಸವೂ ಇರುತ್ತದೆ. ನಿಮಗೆ ಅದು ಸರಿಯಾಗುತ್ತದೆ. ಕೌಶಲ ಮಂಡಳಿಯ "ಚೈಲ್ಡ್ ಕೇರ್‌ಟೇಕರ್" ಕೋರ್ಸ್ ಇದೆ, ಅದು ಚಿಕ್ಕದು. ಎನ್‌ಟಿಟಿ, ಅಂದರೆ ನರ್ಸರಿ ಶಿಕ್ಷಕಿಯರ ತರಬೇತಿ, ಎಂದು ಓಣಿಗೊಂದು ಬೋರ್ಡ್ ಕಾಣುತ್ತದೆ. ಫೀಸು ಕಟ್ಟುವ ಮೊದಲು ಮಾನ್ಯತೆ ಯಾರದು ಎಂದು ಕೇಳಿ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಒಪ್ಪುವುದು ಎರಡು ವರ್ಷದ ಡಿಪಿಎಸ್‌ಇ ಎಂಬ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾವನ್ನು. ಅದೂ ಅಲ್ಲದೆ ಎನ್‌ಟಿಟಿಯಲ್ಲಿ ಹೇಳಿಕೊಡುವುದು ಜಾಸ್ತಿ ಮೂರು ದಾಟಿದ ಮಕ್ಕಳ ಬಗ್ಗೆ. ಒಂಬತ್ತು ತಿಂಗಳ ಮಗುವನ್ನು ಹೇಗೆ ಮಲಗಿಸಬೇಕು ಎಂದು ಅಲ್ಲಿ ಕಲಿಯಲು ಆಗುವುದಿಲ್ಲ.

ದುಡ್ಡಿಲ್ಲದೆ ಇವತ್ತೇ ಶುರು ಮಾಡುವುದಾದರೆ "ನವಚೇತನ" ಓದಿ. 2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ ಬಿಟ್ಟ ಕೈಪಿಡಿ. ಹುಟ್ಟಿನಿಂದ ಮೂರು ವರ್ಷದವರೆಗೆ ಯಾವ ತಿಂಗಳಲ್ಲಿ ಮಗುವಿನ ಜೊತೆ ಏನು ಮಾಡಬೇಕು ಎಂದು 140 ಚಟುವಟಿಕೆ ಕೊಟ್ಟಿದ್ದಾರೆ. ಮೂರರ ಮೇಲಿನವರಿಗೆ "ಆಧಾರಶಿಲಾ". ನಮ್ಮ ಅಂಗನವಾಡಿಯ "ಚಿಲಿಪಿಲಿ" ಪುಸ್ತಕವನ್ನು ಹತ್ತಿರದ ಕಾರ್ಯಕರ್ತೆಯ ಹತ್ತಿರ ನೋಡಿ. ಹಾಡು, ಕತೆ, ಆಟ ಎಲ್ಲ ಕನ್ನಡದಲ್ಲೇ ಇದೆ.

ರಾತ್ರಿ ಪಾಳಿ

ನಾನು ಇನ್ನೊಂದು ಕಡೆಯವಳು. ಮಗು ಬಿಟ್ಟು ಕೆಲಸಕ್ಕೆ ಹೋಗುವ ತಾಯಿ.

ನನ್ನ ಮಗ ಒಂದೂವರೆ ವರ್ಷದವನಿದ್ದಾಗ ಒಂದು ಮನೆಯಲ್ಲಿ ಬಿಡುತ್ತಿದ್ದೆ. ಯಾವ ಊರು, ಯಾರ ಮನೆ ಎಂದು ಹೇಳುವುದಿಲ್ಲ. ಆಕೆ ಕೆಟ್ಟವಳಲ್ಲ. ಹತ್ತಕ್ಕೂ ಹೆಚ್ಚು ಮಕ್ಕಳನ್ನು ಒಬ್ಬಳೇ ನೋಡುತ್ತಿದ್ದಳು. ಮಗ ಸಂಜೆ ಮನೆಗೆ ಬಂದರೂ ತೂಕಡಿಸುತ್ತಲೇ ಇರುತ್ತಿದ್ದ. ರಾತ್ರಿ ಎದ್ದು ಕೂರುತ್ತಿದ್ದ. ಒಂದು ದಿನ ಬೇಗ ಹೋದೆ. ಎಲ್ಲ ಮಕ್ಕಳೂ ಮಲಗಿದ್ದವು, ಗೂಡಿನಲ್ಲಿ ಕೆಮ್ಮಿನ ಸಿರಪ್ ಬಾಟಲಿ ಇತ್ತು. ಕೇಳಿದರೆ "ನೆಗಡಿ ಆಗಬಾರದು ಅಂತ ಒಂದೊಂದು ಮುಚ್ಚಳ ಕೊಡ್ತೀನಿ" ಅಂದಳು. ಅವಳಿಗೆ ಅದು ತಪ್ಪು ಎಂದು ಗೊತ್ತೇ ಇರಲಿಲ್ಲ. ನನಗೆ ಈಗಲೂ ಅದು ನೆನಪಾದರೆ ಹೊಟ್ಟೆ ಕಿವುಚುತ್ತದೆ.

ತರಬೇತಿ ಎಂದರೆ ಗೋಡೆಗೆ ಹಾಕುವ ಸರ್ಟಿಫಿಕೇಟ್ ಅಲ್ಲ ಎಂದು ಹೇಳಲು ಇದನ್ನು ಬರೆದೆ. ಪ್ರೀತಿ ಇದ್ದ ಹೆಂಗಸೇ ಅವಳು.

ಮಕ್ಕಳ ವಾರ್ಡ್

ಮೇಲಿನ ಮಾತಿಗೆ ಸೇರಿಸುತ್ತೇನೆ. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನೆಗಡಿ, ಕೆಮ್ಮಿಗೆ ಕೊಡುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಸಿರಪ್ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು ಆದೇಶ ಮಾಡಿದ್ದಾರೆ. ಬಾಟಲಿಯ ಮೇಲೂ ಅದು ಇರಬೇಕು. ನಿಮ್ಮ ಮನೆಯಲ್ಲಿ ಒಂದು ನಿಯಮ ಮಾಡಿ. ತಂದೆತಾಯಿ ಬರೆದು ಕೊಟ್ಟ, ವೈದ್ಯರ ಚೀಟಿ ಇರುವ ಔಷಧ ಬಿಟ್ಟು ಬೇರೆ ಏನನ್ನೂ ಮಗುವಿನ ಬಾಯಿಗೆ ಹಾಕುವುದಿಲ್ಲ. ಜನಮ ಘುಟ್ಟಿ, ಬಜೆ, ಜೇನುತುಪ್ಪ ಎಲ್ಲ ಇದರಲ್ಲಿ ಬಂತು. ಒಂದು ವರ್ಷದೊಳಗೆ ಜೇನು ಅಪಾಯ. ಅತ್ತೆಯವರಿಗೂ ಮೊದಲೇ ಹೇಳಿಡಿ.

ಪ್ರಥಮ ಚಿಕಿತ್ಸೆ ಕಲಿಯದೆ ಒಂದು ಮಗುವನ್ನೂ ತಗೊಳ್ಳಬೇಡಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಗಂಟಲಿಗೆ ಶೇಂಗಾ, ಪುಟಾಣಿ, ಹುಣಸೆಬೀಜ ಸಿಕ್ಕಿಹಾಕಿಕೊಂಡವರು ಇರುತ್ತಾರೆ. ಕಲಬುರಗಿ ಮನೆಯಲ್ಲಿ ಶೇಂಗಾ ಇಲ್ಲದ ಡಬ್ಬಿ ಎಲ್ಲಿದೆ? ಪುಡಿ ಮಾಡಿದ ಶೇಂಗಾ ಚಟ್ನಿ ಕೊಡಿ. ಇಡೀ ಕಾಳು ಐದು ವರ್ಷದವರೆಗೆ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಉಸಿರು ಕಟ್ಟಿದರೆ ತೊಡೆಯ ಮೇಲೆ ತಲೆ ಕೆಳಗೆ ಬರುವಂತೆ ಬೋರಲು ಹಿಡಿದು, ಭುಜಗಳ ನಡುವೆ ಅಂಗೈ ಬುಡದಿಂದ ಐದು ಸಲ ಹೊಡೆಯಬೇಕು. ಆಮೇಲೆ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಗೊಂಬೆಯ ಮೇಲೆ ಕೈ ಹಾಕಿಯೇ ಕಲಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರು ಪ್ರಥಮ ಚಿಕಿತ್ಸೆ ತರಗತಿ ನಡೆಸುತ್ತಾರೆ. ಮಕ್ಕಳ ಗೊಂಬೆ ಇದೆಯಾ ಎಂದು ಕೇಳಿಯೇ ಸೇರಿ.

ನಮ್ಮ ಕಡೆಯ ಮನೆಗಳಲ್ಲಿ ನಾನು ಮೊದಲು ನೋಡುವುದು ಸಂಪು. ಮುಚ್ಚಳ ಭಾರವಾಗಿದೆಯಾ, ಬೀಗ ಇದೆಯಾ? ಒಂದು ಬಕೆಟ್ ನೀರಿನಲ್ಲೂ ಅಂಬೆಗಾಲಿಡುವ ಮಗು ಮುಳುಗುತ್ತದೆ. ನೀರು ಎರಡು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಮನೆ ತುಂಬ ಬಕೆಟ್, ಕೊಳಗ ತುಂಬಿರುತ್ತವೆ. ಬಚ್ಚಲು ಬಾಗಿಲಿಗೆ ಮೇಲಿನ ಚಿಲಕ ಹಾಕಿಸಿ. ಶಹಾಬಾದ್ ಕಲ್ಲಿನ ನೆಲ ಒದ್ದೆಯಾದರೆ ಜಾರುತ್ತದೆ, ಬೀಳುವುದು ತಲೆ ಮೊದಲು. ಸುಟ್ಟರೆ ಹರಿಯುವ ತಣ್ಣೀರು ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್, ಅರಿಶಿನ ಬೇಡ. ಚೇಳು ಕಡಿದರೆ ಮಂತ್ರ, ಬೇರು ಎಂದು ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಚಿಕ್ಕ ಮಗುವಿಗೆ ಅದು ಹೃದಯಕ್ಕೆ ಏಟು.

ತಾಯಿ ಎದೆಹಾಲು ಹಿಂಡಿ ಕೊಟ್ಟು ಹೋಗುವುದಾದರೆ ಅದನ್ನು 25 ಡಿಗ್ರಿವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇಡಬಹುದು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ತಂದ ಕೂಡಲೇ ಫ್ರಿಜ್ಜಿಗೆ ಇಡಿ. ಕರೆಂಟ್ ಹೋದರೆ ಏನು ಎಂಬುದನ್ನೂ ಯೋಚಿಸಿಡಿ.

ಶಹಾಪುರದವ

ಎಲ್ಲರ ಮಾತು ಓದಿದೆ. ಒಳ್ಳೆಯ ಮಾತೇ. ಆದರೂ ನನಗೆ ಒಂದು ಭಯ ಇದೆ.

ನಮ್ಮ ಯಾದಗಿರಿ ಜಿಲ್ಲೆಯಿಂದ ಎಷ್ಟು ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ ಎಂದು ನಿಮಗೆಲ್ಲ ಗೊತ್ತು. ಊರಲ್ಲೇ ಉಳಿದು ಹತ್ತಿ ಬಿಡಿಸಲು, ಗಾರೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಕೂಸುಗಳನ್ನು ಯಾರು ನೋಡುತ್ತಾರೆ? ಓಣಿಯ ಒಬ್ಬ ಮುದುಕಿ. ಅವಳಿಗೆ ದಿನಕ್ಕೆ ಇಷ್ಟು ಎಂದು ಕೈಗೆ ಕೊಡುತ್ತಾರೆ. ಅವಳಿಗೆ ಸಹಿ ಹಾಕಲೂ ಬರುವುದಿಲ್ಲ. ನಾಳೆ ಲೈಸೆನ್ಸ್ ಕಡ್ಡಾಯ, ಡಿಪ್ಲೊಮಾ ಕಡ್ಡಾಯ ಎಂದು ಮಾಡಿದರೆ ಆ ಮುದುಕಿಯ ಅನ್ನ ಹೋಯಿತು. ಆ ಕೂಸು ತಾಯಿಯ ಬೆನ್ನಿಗೆ ಬಿಸಿಲಿಗೆ ಹೋಯಿತು. ಲೈಸೆನ್ಸ್ ಇದ್ದವರು ಫೀಸು ಜಾಸ್ತಿ ಮಾಡುತ್ತಾರೆ. ಬ್ಯಾಂಕಿನ ಮೇಡಂ ಕೊಡಬಲ್ಲರು, ದಾಲ್ ಮಿಲ್ ಅಕ್ಕ ಕೊಡಲಾರಳು. ಇನ್ನು ಲೈಸೆನ್ಸ್ ಎಂದರೆ ಇನ್‌ಸ್ಪೆಕ್ಟರ್, ಇನ್‌ಸ್ಪೆಕ್ಟರ್ ಎಂದರೆ ಏನು ಎಂದು ಅಂಗಡಿ ಇಟ್ಟ ಯಾರನ್ನಾದರೂ ಕೇಳಿ.

ತರಬೇತಿ ಬೇಡ ಎನ್ನುತ್ತಿಲ್ಲ. ಬಡವರ ಬಾಗಿಲು ಮುಚ್ಚುವ ತರಬೇತಿ ಬೇಡ ಎನ್ನುತ್ತಿದ್ದೇನೆ.

ಲೆಸ್ಟರ್‌ನಿಂದ ಬಸವಕಲ್ಯಾಣದವಳು

ನಾನು ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿ ಹೀಗೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನು ಚೈಲ್ಡ್‌ಮೈಂಡರ್ ಎನ್ನುತ್ತಾರೆ. ನೋಂದಣಿ ಇಲ್ಲದೆ ದುಡ್ಡಿಗೆ ಮಾಡುವಂತಿಲ್ಲ. ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆ ಬಂದು ನೋಡುತ್ತದೆ. ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಜಾಸ್ತಿ ಇಲ್ಲ. ಅದರಲ್ಲಿ ಐದು ವರ್ಷದೊಳಗಿನವರು ಸಾಮಾನ್ಯವಾಗಿ ಮೂರು, ಒಂದು ವರ್ಷದೊಳಗಿನದು ಒಂದು. ಮೇಲಿನ ಅಕ್ಕ ಕೈಗೂಸು ಒಂದೇ ಎಂದು ಬರೆದದ್ದು ಓದಿ ಖುಷಿಯಾಯಿತು. ಚಿಂಚೋಳಿಯ ಅನುಭವವೂ ಇಲ್ಲಿನ ನಿಯಮವೂ ಒಂದೇ ಕಡೆ ಬಂದು ನಿಂತಿವೆ. ಮಕ್ಕಳ ಪ್ರಥಮ ಚಿಕಿತ್ಸೆಯ ಹನ್ನೆರಡು ಗಂಟೆಯ ಕೋರ್ಸ್ ಆಗಿರಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಆ ಮನೆಯಲ್ಲಿರುವ ಹದಿನಾರು ದಾಟಿದ ಎಲ್ಲರ ಪೊಲೀಸ್ ದಾಖಲೆ ನೋಡುತ್ತಾರೆ, ಗಂಡ, ಮಾವ ಯಾರೂ ಬಿಟ್ಟಿಲ್ಲ.

ಶಹಾಪುರದ ಅಣ್ಣ ಹೇಳಿದ್ದೂ ಇಲ್ಲಿ ಕಾಣುತ್ತದೆ. ಕಾಗದದ ಕೆಲಸ ಹೆಚ್ಚಾಯಿತು ಎಂದು ಬಿಟ್ಟವರು ಇದ್ದಾರೆ. ಫೀಸು ದುಬಾರಿ. ಇಲ್ಲಿಯದನ್ನು ಹಾಗೇ ಅಲ್ಲಿಗೆ ತಂದು ಹಾಕಿದರೆ ಆಗುವುದಿಲ್ಲ. ಆದರೆ ಒಂದು ವಿಷಯ ನನಗೆ ಹಿಡಿಸಿತು. ಇಲ್ಲಿ ನೋಂದಣಿಗೆ ದೊಡ್ಡ ಡಿಗ್ರಿ ಕೇಳುವುದಿಲ್ಲ. ಉಸಿರು ಕಟ್ಟಿದಾಗ ಏನು ಮಾಡುತ್ತೀಯ, ಮಗುವಿಗೆ ತೊಂದರೆ ಆಗುತ್ತಿದೆ ಎಂದು ಅನುಮಾನ ಬಂದರೆ ಯಾರಿಗೆ ಹೇಳುತ್ತೀಯ, ಅದನ್ನು ಕೇಳುತ್ತಾರೆ.

ನಿವೃತ್ತ ಮೇಲ್ವಿಚಾರಕಿ

ಶಹಾಪುರದ ತಮ್ಮಾ, ನಿಮ್ಮ ಭಯ ಸುಳ್ಳಲ್ಲ. ಆ ಮುದುಕಿಯರನ್ನು ನಾನೂ ಕಂಡಿದ್ದೇನೆ. ಕೆಲವರ ಮಡಿಲಲ್ಲಿ ಮಕ್ಕಳು ನಮ್ಮ ಕೇಂದ್ರಕ್ಕಿಂತ ಚೆನ್ನಾಗಿ ಇದ್ದವು. ಆದರೆ ಓದು ಬಾರದವರಿಗೆ ತರಬೇತಿ ಆಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

"ಕೂಸಿನ ಮನೆ" ನೋಡಿ. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಈ ಶಿಶುಪಾಲನಾ ಕೇಂದ್ರ ಮಾಡುತ್ತೇವೆ ಎಂದಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. ಅಲ್ಲಿ ಮಕ್ಕಳನ್ನು ನೋಡುವವರು ಯಾರು? ಅದೇ ಊರಿನ, ಜಾಬ್ ಕಾರ್ಡ್ ಇರುವ ಹೆಣ್ಣುಮಕ್ಕಳು. ಅವರಿಗೆ ಮೊದಲು ತರಬೇತಿ, ಆಮೇಲೆ ಮಕ್ಕಳು. ಡಿಪ್ಲೊಮಾ ಯಾರೂ ಕೇಳಲಿಲ್ಲ. ಕೈ ತೊಳೆಯುವುದು, ಉಣಿಸುವುದು, ಮಲಗಿಸುವುದು, ಆಡಿಸುವುದು, ಅಪಾಯ ಗುರುತಿಸುವುದು ಹೇಳಿಕೊಟ್ಟರು. ಎಲ್ಲ ಪಂಚಾಯಿತಿಯಲ್ಲೂ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ತರಬೇತಿಯ ದಾರಿ ಇದೆ, ಕಲಿಸುವವರು ಇದ್ದಾರೆ, ಪಾಠ ಕನ್ನಡದಲ್ಲಿ ಇದೆ ಎಂದು ಹೇಳುತ್ತಿದ್ದೇನೆ.

ಆದರೆ ಪಂಚಾಯಿತಿ ಗಡಿ ದಾಟಿ ಕಲಬುರಗಿ, ಶಹಾಬಾದ್, ಹುಮನಾಬಾದ್, ಯಾದಗಿರಿ ಪೇಟೆಗೆ ಬಂದರೆ ಅದೇ ಹೆಣ್ಣುಮಗಳಿಗೆ ಆ ತರಬೇತಿ ಇಲ್ಲ. ಪೇಟೆಯಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ನಾವು ಕೇಳಬೇಕಾದದ್ದು ಲೈಸೆನ್ಸ್ ಅಲ್ಲ ಎಂದು ನನಗೆ ಅನಿಸುತ್ತದೆ. ಪುಕ್ಕಟೆ ತರಬೇತಿ, ಅದು ಆದ ಮೇಲೆ ಅಂಗನವಾಡಿ ವೃತ್ತ ಕಚೇರಿಯಲ್ಲಿ ಒಂದು ರಿಜಿಸ್ಟರಿನಲ್ಲಿ ಹೆಸರು, ಆಗಾಗ ಮೇಲ್ವಿಚಾರಕಿಯ ಭೇಟಿ. ದಂಡ ಹಾಕಲು ಬರುವ ಭೇಟಿ ಅಲ್ಲ. ಮಗುವಿನ ತೂಕ, ಲಸಿಕೆ ಕಾರ್ಡ್, ಸಂಪಿನ ಮುಚ್ಚಳ ನೋಡಿ ಹೋಗುವ ಭೇಟಿ. ಹೆಸರು ಬರೆಸಿದವರಿಗೆ ಪ್ರಥಮ ಚಿಕಿತ್ಸೆ ಕಿಟ್ ಕೊಡಲಿ. ಆಗ ಮುದುಕಿಯೂ ಬರುತ್ತಾಳೆ, ಜೇವರ್ಗಿ ಕಾಲೋನಿ ಅಮ್ಮನೂ ಬರುತ್ತಾರೆ.

ಶಹಾಪುರದವ

ಅಕ್ಕಾ, ಹೀಗಾದರೆ ನನ್ನ ಒಪ್ಪಿಗೆ ಇದೆ. ಒಂದು ಸೇರಿಸಿ. ತರಬೇತಿಗೆ ಬಂದ ದಿನದ ಕೂಲಿ ಕೊಡಬೇಕು. ಕೂಲಿ ಬಿಟ್ಟು ತರಬೇತಿಗೆ ಬನ್ನಿ ಎಂದರೆ ಯಾರೂ ಬರುವುದಿಲ್ಲ.

ವಕೀಲಿ ಮೇಜು

ಕೆಲಸ ಕೊಡುವವರ ಪಾಲನ್ನೂ ಮರೆಯಬಾರದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದೂ ಹೇಳಿತು. ಆ ಬ್ಯಾಂಕಿನ ಅಕ್ಕ, ಆಸ್ಪತ್ರೆಯ ಅಕ್ಕ ತಮ್ಮ ಕಡೆ ಈ ಸೌಲಭ್ಯ ಎಲ್ಲಿದೆ ಎಂದು ಬರವಣಿಗೆಯಲ್ಲಿ ಕೇಳಲಿ. ಕೇಳುವ ಹಕ್ಕು ಇದೆ. ದಾಲ್ ಮಿಲ್‌ಗಳಲ್ಲಿ ಜನ ಕಡಿಮೆ ಇರುವುದರಿಂದ ಈ ನಿಯಮ ಬಹಳ ಕಡೆ ತಲುಪುವುದಿಲ್ಲ. ಅವರಿಗಾಗಿಯೇ ನಿಮ್ಮಂಥ ಮನೆ ಬೇಕು.

ಒಪ್ಪಂದದ ಬಗ್ಗೆ ಯಾರೂ ಹೇಳಿಲ್ಲ, ಹೇಳಿಬಿಡುತ್ತೇನೆ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆ, ತಿಂಗಳ ಹಣ ಎಷ್ಟು, ಮಗುವನ್ನು ಕರೆದೊಯ್ಯುವವರು ಯಾರು ಯಾರು, ಮಗುವಿಗೆ ಯಾವ ಆಹಾರ ಆಗುವುದಿಲ್ಲ, ಜ್ವರ ಬಂದರೆ ಏನು, ತುರ್ತಿನಲ್ಲಿ ಯಾವ ಆಸ್ಪತ್ರೆ. ತಾಯಿ ಕಾರ್ಡಿನ ನಕಲು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಚಿಕ್ಕಪ್ಪ ಬಂದು ಮಗು ಕೊಡಿ ಎಂದರೆ ಕೊಡಬೇಡಿ, ಎಷ್ಟೇ ಮುಜುಗರ ಆದರೂ. 108, 112 ಮತ್ತು ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ರಾತ್ರಿ ಪಾಳಿ

ತಾಯಂದಿರ ಪರವಾಗಿ ಒಂದು ಬೇಡಿಕೆ. ಹೇಳದೆ ಕೇಳದೆ ಯಾವಾಗ ಬಂದರೂ ಬಾಗಿಲು ತೆಗೆಯುತ್ತೇವೆ ಎಂದು ಆ ಹಾಳೆಯಲ್ಲಿ ಬರೆಯಿರಿ. ನನಗೆ ಸಿಸಿಟಿವಿಗಿಂತ ಅದು ದೊಡ್ಡದು. ಈಗ ಮಗನನ್ನು ಬಿಡುವ ಮನೆಯವರು ದಿನಾ ಒಂದು ನೋಟ್‌ಬುಕ್ಕಿನಲ್ಲಿ ಏನು ಉಂಡ, ಎಷ್ಟು ಹೊತ್ತು ಮಲಗಿದ, ಎಲ್ಲಿ ಬಿದ್ದ ಎಂದು ಬರೆದು ಕೊಡುತ್ತಾರೆ. ಬಿದ್ದದ್ದನ್ನೂ ಬರೆಯುತ್ತಾರೆ. ಅದನ್ನು ಓದಿದ ಮೇಲೆ ನನಗೆ ಪಾಳಿಯಲ್ಲಿ ಕೈ ನಡುಗುವುದಿಲ್ಲ.

ಜೇವರ್ಗಿ ಕಾಲೋನಿ ಅಮ್ಮ

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿರಿ. ಎಲ್ಲರಿಗೂ ಶರಣು.

ಮನೆಯಲ್ಲಿ ಕೂತು ಮಾತಾಡಿದೆವು. ಮೊದಲು ಪ್ರಥಮ ಚಿಕಿತ್ಸೆ ತರಗತಿ. ನಾನೂ ಅತ್ತೆಯೂ ಇಬ್ಬರೂ ಹೋಗುತ್ತೇವೆ, ಅತ್ತೆಯೇ ಕೇಳಿದರು. ಗಂಡನೂ ನಾನೂ ಪೊಲೀಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೇವೆ. ಸಂಪಿಗೆ ಕಬ್ಬಿಣದ ಮುಚ್ಚಳ ಮಾಡಿಸಲು ಹೇಳಿದ್ದೇವೆ. ಇವೆಲ್ಲ ಮುಗಿದ ಮೇಲೆ ಎರಡು ವರ್ಷದ ಮಗು ಮತ್ತು ಮೂರೂವರೆ ವರ್ಷದ ಮಗುವನ್ನು ತಗೊಳ್ಳುತ್ತೇನೆ. ಇಗ್ನೋ ಡಿಪ್ಲೊಮಾಕ್ಕೂ ಸೇರುತ್ತೇನೆ. ದಾಲ್ ಮಿಲ್ ಅಕ್ಕನ ಮಗು ಎರಡು ವರ್ಷದ್ದು. ಅವಳಿಗೂ ಬ್ಯಾಂಕಿನವರಿಗೂ ಒಂದೇ ಫೀಸು ಹಾಕಲು ಮನಸ್ಸು ಬರುತ್ತಿಲ್ಲ. ಅದನ್ನು ಮೂವರು ತಾಯಂದಿರ ಮುಂದೆಯೇ ಇಟ್ಟು ಮಾತಾಡುತ್ತೇನೆ.

ಒಂಬತ್ತು ತಿಂಗಳ ಕೂಸಿನ ತಾಯಿಗೆ ಏನು ಹೇಳಲಿ? ಅವರ ರಜೆ ಮುಗಿದು ಆಗಲೇ ಕೆಲಸಕ್ಕೆ ಹೋಗುತ್ತಿದ್ದಾರೆ, ಬೇರೆ ದಾರಿ ಇಲ್ಲ.

ಮಕ್ಕಳ ವಾರ್ಡ್

ತರಗತಿ ಮುಗಿಯುವವರೆಗೆ ಬೇಡ ಎಂದು ನೇರವಾಗಿ ಹೇಳಿ. ಅಲ್ಲಿಯವರೆಗೆ ದಿನಾ ಒಂದೆರಡು ತಾಸು ಆ ತಾಯಿ ಮನೆಯಲ್ಲಿ ಇರುವಾಗಲೇ ನೀವು ಅಲ್ಲಿಗೆ ಹೋಗಿ. ಕೂಸು ಹೇಗೆ ಉಣ್ಣುತ್ತದೆ, ಹೇಗೆ ಮಲಗುತ್ತದೆ, ಯಾವ ಅಳು ಯಾತಕ್ಕೆ ಎಂದು ತಾಯಿಯಿಂದಲೇ ಕಲಿಯಿರಿ. ಕೂಸಿಗೂ ನಿಮ್ಮ ಗುರುತು ಹತ್ತುತ್ತದೆ. ಈ ವಯಸ್ಸಿನಲ್ಲಿ ಹೊಸಬರನ್ನು ಕಂಡರೆ ಅಳುವುದು ಸಹಜ. ಮಲಗಿಸುವಾಗ ಅಂಗಾತ, ಗಟ್ಟಿ ಹಾಸಿಗೆ, ಹತ್ತಿರ ದಿಂಬು ಬೇಡ. ಮೂರನೇ ಮಗುವಾಗಿ ಅದು ಬಂದಾಗ ಅತ್ತೆಯವರು ಮನೆಯಲ್ಲಿ ಇರುವ ದಿನ ಮಾತ್ರ ತಗೊಳ್ಳಿ.

ಬೀದರ್ ನೌಬಾದ್

ಮೇಲ್ವಿಚಾರಕಿ ಅಕ್ಕ ಹೇಳಿದ ತರಬೇತಿಯ ಬೇಡಿಕೆಯನ್ನು ಮನವಿಯಾಗಿ ಬರೆದಿದ್ದೇನೆ. ಮೂರೂ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ ಕೊಡೋಣ. ಕೂಸಿನ ಮನೆಯ ಆರೈಕೆದಾರರಿಗೆ ಕೊಡುವ ತರಬೇತಿಯಲ್ಲಿ ಪೇಟೆಯ ಮನೆ ಆರೈಕೆದಾರರಿಗೂ ಸೀಟು ಕೊಡಿ, ತರಬೇತಿ ದಿನದ ಕೂಲಿ ಕೊಡಿ, ವೃತ್ತ ಕಚೇರಿಯಲ್ಲಿ ರಿಜಿಸ್ಟರ್ ಇಡಿ. ಇಷ್ಟೇ ಇದೆ. ಬೀದರಿನಲ್ಲಿ ನನ್ನಂಥವರು ಸಹಿ ಹಾಕಲು ತಯಾರಿದ್ದಾರೆ.

ನಿವೃತ್ತ ಮೇಲ್ವಿಚಾರಕಿ

ಮನವಿ ಚೆನ್ನಾಗಿದೆ. ಒಂದು ತಿದ್ದುಪಡಿ. ಕೂಸಿನ ಮನೆ ನಡೆಸುವುದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ, ಮಹಿಳಾ ಇಲಾಖೆ ಅಲ್ಲ. ಆದ್ದರಿಂದ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಒಂದು ಪ್ರತಿ ಹೋಗಬೇಕು. ಇಲ್ಲದಿದ್ದರೆ "ಇದು ನಮ್ಮದಲ್ಲ" ಎಂದು ವಾಪಸ್ ಬರುತ್ತದೆ. ಕಲಬುರಗಿಯ ಸಹಿಗಳನ್ನು ನಾನು ಕೂಡಿಸುತ್ತೇನೆ. ಯಾದಗಿರಿಯದು ಶಹಾಪುರದ ತಮ್ಮ ನೋಡಲಿ. ಬರೆಯಲು ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ, ಪಕ್ಕದಲ್ಲಿ ಹೆಸರು ಮತ್ತು ಓಣಿ ಬರೆಸಿ.